ಪದಚರ್ಚೆ: ಕ್ಯಾಸಿನೊದಲ್ಲಿ ಗೆದ್ದದ್ದಕ್ಕೆ ಏನನ್ನೋಣ?

ಬೆಳಗಾವಿಯಿಂದ:
ನಾಳೆ ಸಂಜೆಯೊಳಗೆ ಅಚ್ಚಿಗೆ ಕೊಡಬೇಕಾದ ಕರಪತ್ರ. ಪಣಜಿಯ ಕ್ಯಾಸಿನೊಗಳಿಗೆ ಹೋಗಿಬರುವ ನಮ್ಮ ಕಡೆಯವರು 2025-26ರ ಆದಾಯಕ್ಕೆ ತೆರಿಗೆ ರಿಟರ್ನ್ಸ್ ತುಂಬುವುದು ಹೇಗೆ ಎಂಬುದು ವಿಷಯ. ‘ವಿನಿಂಗ್ಸ್’ಗೆ ನಿಘಂಟು ‘ಗೆಲುವು’ ಅನ್ನುತ್ತದೆ. ‘ನಿಮ್ಮ ಗೆಲುವನ್ನು ವರದಿ ಮಾಡಿ’ ಅಂದರೆ ಚುನಾವಣೆ ಸುದ್ದಿಯಂತಾಗುತ್ತದೆ. ‘ಜೂಜಿನ ಲಾಭ’ ಆಗಬಹುದೇ?

ಮೈಸೂರಿನಿಂದ:
‘ಲಾಭ’ ಬೇಡವೇ ಬೇಡ. ಲಾಭ ಅಂದಕೂಡಲೇ ಜನ ಸೋತದ್ದನ್ನು ಕಳೆದು ಮಿಕ್ಕದ್ದನ್ನು ಬರೆಯುತ್ತಾರೆ. 1961ರ ಆದಾಯ ತೆರಿಗೆ ಕಾಯ್ದೆಯ 115ಬಿಬಿ ಕಲಂ ಪ್ರಕಾರ ತೆರಿಗೆ ಗೆದ್ದ ಅಷ್ಟೂ ಹಣದ ಮೇಲೆ. ಶನಿವಾರ 40,000 ಸೋತು ಭಾನುವಾರ 50,000 ಗೆದ್ದವರು ತೋರಿಸಬೇಕಾದದ್ದು 50,000. ಹತ್ತು ಸಾವಿರ ಅಲ್ಲ. ಹೋಗಿಬಂದ ಖರ್ಚು, ಪ್ರವೇಶಶುಲ್ಕ ಯಾವುದನ್ನೂ ಕಳೆಯುವಂತಿಲ್ಲ. ‘ಗೆದ್ದ ಹಣ’ ಅನ್ನಿ, ಸಾಕು. ಇನ್ನು ‘ವರದಿ’ ಪತ್ರಿಕೆಯವರ ಕೆಲಸ. ಆದಾಯವನ್ನು ‘ತೋರಿಸು’ತ್ತಾರೆ. ರಿಟರ್ನ್ಸ್‌ನ ಸರಳ ಫಾರ್ಮು ಐಟಿಆರ್-1ರಲ್ಲಿ ಇದನ್ನು ತೋರಿಸಲು ಬರುವುದಿಲ್ಲ, ಐಟಿಆರ್-2 ಬೇಕು. ವ್ಯಾಪಾರದ ಆದಾಯವೂ ಇದ್ದರೆ ಐಟಿಆರ್-3. ‘ಇತರ ಮೂಲಗಳ ಆದಾಯ’ದ ಪುಟದಲ್ಲಿ ಜೂನ್ 15ರವರೆಗೆ ಎಷ್ಟು, ಸೆಪ್ಟೆಂಬರ್ 15ರವರೆಗೆ ಎಷ್ಟು ಎಂದು ಅವಧಿವಾರು ಬಿಡಿಸಿ ಬರೆಯಬೇಕು.

ಶಿವಮೊಗ್ಗದಿಂದ:
‘ಗೆದ್ದ ಹಣ’ ಪದವಲ್ಲ, ವಿವರಣೆ. ಪಂಪಭಾರತದಲ್ಲಿ ದುರ್ಯೋಧನನ ಹೆಂಡತಿ ಭಾನುಮತಿ ನೆತ್ತವಾಡಿ ಸೋತಾಗ ಕರ್ಣ ‘ಸೋಲಮನೀವುದು’ (ಸೋಲವನ್ನು ಕೊಡು) ಎಂದು ಕಾಡುವುದಿಲ್ಲವೇ? ಸೋತವರು ಕೊಡಬೇಕಾದ ಒತ್ತೆಯೇ ‘ಸೋಲ’. ಅದರ ಜೋಡಿ ‘ಗೆಲ್ಲ’. ‘ನೆತ್ತಗೆಲ್ಲ’ ಅನ್ನಿ, ಒಂದೇ ಪದದಲ್ಲಿ ಮುಗಿಯಿತು. ‘ಜೂಜು’ ನಮ್ಮದಲ್ಲ, ದ್ಯೂತದಿಂದ ಬಂದದ್ದು.

ಮೈಸೂರಿನಿಂದ:
ನೆತ್ತ ದಾಳದಾಟ. ಸ್ಲಾಟ್ ಯಂತ್ರದಲ್ಲಿ ದಾಳ ಎಲ್ಲಿದೆ? ಕೇಳಿದ್ದು ಕರಪತ್ರಕ್ಕೆ, ಕಾವ್ಯಕ್ಕಲ್ಲ.

ಧಾರವಾಡದಿಂದ:
ಟಿಡಿಎಸ್‌ಗೆ (ಹಣ ಕೊಡೋ ಮೊದಲ ಹಿಡಿಯೋ ತೆರಿಗೆ) ‘ತೆರಿಗೆ ಕಡಿತ’ ಅಂತ ಬರೀಬ್ಯಾಡ್ರಿ. ತೆರಿಗೆ ಕಡಿಮೆ ಮಾಡ್ಯಾರ ಅಂತ ಓದ್ತಾರ. ಸಂಬಳದಾಗ ‘ಮುರ್ಕೊಂಡ್ರು’ ಅಂತೀವಲ್ಲ, ಹಂಗ ‘ಮುರಿದುಕೊಂಡ ತೆರಿಗೆ’ ಅನ್ರಿ. ಒಂದೇ ಸಲಕ್ಕ 10,000 ಮೀರಿ ಗೆದ್ದರ ಕ್ಯಾಸಿನೊದವರು ಶೇ 30 ಮುರ್ಕೊಂಡು ಉಳಿದದ್ದು ಕೊಡ್ತಾರ. ಜನ ಎಡವೋದು ಇಲ್ಲೇ: ಅಷ್ಟಕ್ಕ ತೆರಿಗೆ ಮುಗೀತು ಅಂದ್ಕೋತಾರ. ಆ ತೆರಿಗೆ ಮ್ಯಾಲ ಶೇ 4 ಸೆಸ್ ಸೇರಿದರ ಒಟ್ಟು ಶೇ 31.2. 50,000ಕ್ಕ ಮುರಿದದ್ದು 15,000, ಕಟ್ಟಬೇಕಾದ್ದು 15,600. ಆ 600 ತುಂಬಿ ಚಲನ್ ನಂಬರ್ ಹಾಕದಿದ್ದರ ಬಾಕಿ ತೋರಿಸ್ತದ. 10,000ದ ಒಳಗ ಗೆದ್ದದ್ದಕ್ಕ ಮುರಿಯೂದಿಲ್ಲ, ಆದರ ತೆರಿಗೆ ಐತಿ, ತೋರಿಸಬೇಕು. ಮುರಿದದ್ದು ನಿಮ್ಮ ಹೆಸರಿಗೆ ಜಮಾ ಆದ ತೆರಿಗೆಯ ಪಟ್ಟಿ 26ಎಎಸ್‌ನಾಗ ಬಂದದೋ ಇಲ್ಲೋ ಮೊದಲ ನೋಡ್ಕೋರಿ.

ಶಿವಮೊಗ್ಗದಿಂದ:
ಟಿಡಿಎಸ್, ಸೆಸ್, ಚಲನ್, ರಿಟರ್ನ್ಸ್. ಕನ್ನಡಕ್ಕೆ ಉಳಿಸಿದ್ದು ಪ್ರತ್ಯಯ ಮಾತ್ರ.

ಧಾರವಾಡದಿಂದ:
ಫಾರ್ಮಿನಾಗ ಹುಡುಕೋ ಪದ ಕರಪತ್ರದಾಗೂ ಇರಬೇಕ್ರಿ. ಇಲ್ಲಾಂದ್ರ ಯಾವ ಮನಿಯೊಳಗ ಯಾವ ಅಂಕಿ ತುಂಬಬೇಕು?

ಬೆಳಗಾವಿಯಿಂದ:
ಇದನ್ನು ಹಾಕುತ್ತೇನೆ: ‘ಕ್ಯಾಸಿನೊದಲ್ಲಿ ಗೆದ್ದ ಅಷ್ಟೂ ಹಣವನ್ನು, ಸೋತದ್ದನ್ನು ಕಳೆಯದೆ, ಇತರ ಮೂಲಗಳ ಆದಾಯದಲ್ಲಿ ತೋರಿಸಿ. ಮುರಿದುಕೊಂಡ ತೆರಿಗೆ (ಟಿಡಿಎಸ್) ಹೋಗಿ ಉಳಿದ ಬಾಕಿ ಕಟ್ಟಿ.’

ಶಿವಮೊಗ್ಗದಿಂದ:
‘ಕ್ಯಾಸಿನೊ’ ಆದರೂ ‘ಜೂಜುಕಟ್ಟೆ’ ಆಗಲಿ.

ಮೈಸೂರಿನಿಂದ:
ಜೂಜು ನಮ್ಮದಲ್ಲ ಎಂದವರು ನೀವೇ.