ಬ್ರಾಕೆಟ್‌ನ್ಯಾಗಿನ 23

ಗುಂಪು: ಕಾರಟಗಿ ಮನಿ ಮಂದಿ

ದೊಡ್ಡಪ್ಪ: ಮಿಲ್ಲಿನ ಕಂಪ್ಯೂಟರ್ ಕುಂತಬಿಟ್ಟೈತಿ. ಒಳಗ ಏನೇನು ಓಡ್ತೈತಿ ಅಂತ ತೋರಸೋ ಟಾಸ್ಕ್ ಮ್ಯಾನೇಜರಿನ ಫೋಟೊ ಹಾಕೀನಿ ನೋಡ್ರಿ. ‘ಗೂಗಲ್ ಕ್ರೋಮ್ (23)’ ಅಂತೈತಿ. ನಾ ತಗದಿದ್ದು ಒಂದ. ರಿಪೇರಿ ಅಂಗಡಿಯಂವ ವೈರಸ್ ಅಂತಾನ. ಸಂಜಿಗೆ ಬಂದು ಫಾರ್ಮ್ಯಾಟ್ ಹೊಡೀತಾನಂತ.

ನಾನು: ಫಾರ್ಮ್ಯಾಟ್ ಬ್ಯಾಡ್ರಿ ದೊಡ್ಡಪ್ಪಾ! ಆ 23 ನೋಡಿ ವೈರಸ್ ಅನ್ನಾಕ ಬರಂಗಿಲ್ಲ.

ಅಕ್ಕ: ಯಾಕ ಬರಂಗಿಲ್ಲ? ನಮ್ಮ ಆಫೀಸಿನ್ಯಾಗ ಎಕ್ಸೆಲ್ ಐದು ಫೈಲ್ ತಗದ್ರೂ ಟಾಸ್ಕ್ ಮ್ಯಾನೇಜರಿನ ಡೀಟೇಲ್ಸ್‌ನ್ಯಾಗ ಒಂದ ಲೈನ್ ಇರ್ತೈತಿ. ಒಂದು ಕ್ರೋಮಿಗೆ 23 ಅಂದ್ರ ಏನೋ ಹೊಕ್ಕೈತಿ.

ನಾನು: ಎಕ್ಸೆಲ್ 2013ರಿಂದ ಫೈಲಿಗೊಂದು ಕಿಟಕಿ ತಗೀತೈತಿ ಅಕ್ಕಾ, ಆದ್ರ ಒಳಗ ಪ್ರೊಸೆಸ್, ಅಂದ್ರ ಓಡೋ ಪ್ರೋಗ್ರಾಂ, ಒಂದ. ಕ್ರೋಮ್ 2008ರಾಗ ಬಂದಾಗಿಂದ ಇದರ ತಿರುವುಮುರುವು. ಕಿಟಕಿ ಒಂದ ಇದ್ರೂ ಟ್ಯಾಬಿಗೆ, ಎಕ್ಸ್‌ಟೆನ್ಶನ್‌ಗೆ, ಗ್ರಾಫಿಕ್ಸಿಗೆ ಬ್ಯಾರೆ ಬ್ಯಾರೆ ಪ್ರೊಸೆಸ್. ಆ 23 ಅವುಗಳ ಲೆಕ್ಕ. ಒಂದು ಪೇಜ್ ಕೆಟ್ಟು ನಿಂತ್ರ ಉಳದವು ಬೀಳಬಾರದು ಅಂತ. 2018ರಾಗ ಒಂದು ಸೈಟಿನ ಮಾಹಿತಿ ಇನ್ನೊಂದಕ್ಕ ಸಿಗಬಾರದು ಅಂತ ಸೈಟುಗಳನ್ನೂ ಬ್ಯಾರೆ ಮಾಡಿದ್ರು. ಅದಕ್ಕ ಮೆಮರಿ ಶೇ. 10ರಿಂದ 13 ಜಾಸ್ತಿ ಬೇಕಾತು ಅಂತ ಗೂಗಲ್‌ನವರ ಹೇಳ್ಯಾರ.

ತಮ್ಮ: ಅಲ್ಲಿ ತೋರಿಸೋ ಅಂಕಿನ ನಂಬಂಗಿಲ್ಲ ಬಿಡು. ನನ್ನ ಮ್ಯಾಕ್‌ನ್ಯಾಗ ಒಂದ ಪ್ರೋಗ್ರಾಂ ಸಿಪಿಯು ಶೇ. 180 ತೋರಸ್ತೈತಿ.

ನಾನು: ಅದು ಸುಳ್ಳಲ್ಲೋ. ಸಿಪಿಯು ಒಳಗ ಲೆಕ್ಕ ಮಾಡೋ ಒಂದೊಂದು ಭಾಗಕ್ಕ ಕೋರ್ ಅಂತಾರ. ಮ್ಯಾಕ್ ಒಂದು ಕೋರ್‌ಗೆ 100 ಹಿಡೀತೈತಿ, ವಿಂಡೋಸ್ ಇಡೀ ಯಂತ್ರಕ್ಕ 100. 8 ಕೋರ್ ಇದ್ರ ನಿನ್ನ 180 ವಿಂಡೋಸ್ ಲೆಕ್ಕದಾಗ 22.5.

ತಮ್ಮ: ಮೆಮರಿ? ಲಿನಕ್ಸ್‌ನ್ಯಾಗ ಓಡೋ ಪ್ರೊಸೆಸ್ ತೋರಸೋ ‘ಟಾಪ್’ ಕಮಾಂಡ್ ಹಾಕಿ ಎಲ್ಲಾ ಲೈನಿನ ಮೆಮರಿ ಕೂಡಿಸಿದ್ರ ಇರೋ ರ‍್ಯಾಮ್‌ಗಿಂತ ಜಾಸ್ತಿ ಬಂತು.

ನಾನು: ನಮ್ಮ ಹೊಲದ ಬೋರ್ ನೆನಸ್ಕೊ. ಅಪ್ಪ, ದೊಡ್ಡಪ್ಪ, ಕಾಕಾ ಮೂವರೂ ‘ನಮಗ ಬೋರ್ ಐತಿ’ ಅಂತಾರ. ಕೂಡಿಸಿದ್ರ ಮೂರು, ಇರೋದು ಒಂದ. ಟಾಪ್‌ನ್ಯಾಗ ಮೆಮರಿ ತೋರಸೋ ಆರ್‌ಇಎಸ್ ಕಾಲಂ ಹಂಗ, ಕೂಡಿ ಬಳಸೋ ಮೆಮರೀನ ಎಲ್ಲರ ಲೆಕ್ಕಕ್ಕೂ ಪೂರ್ತಿ ಬರೀತೈತಿ. ಅದನ್ನ ಹಂಚಿ ಬರಿಯೋ ಪಿಎಸ್‌ಎಸ್ ಲೆಕ್ಕ ನೋಡು, 30 ಎಂಬಿ ಮೂವರು ಬಳಸಿದ್ರ ತಲಿಗೆ 10.

ದೊಡ್ಡಪ್ಪ: ಬೋರಿಂದು ಆಮ್ಯಾಲ ಮಾತಾಡ್ರಿ. ಅಂವ ಬರೋದ್ರಾಗ ನಾ ಏನ ಮಾಡ್ಲಿ ಹೇಳ ತಂಗಿ.

ನಾನು: ಕ್ರೋಮ್ ಮುಂದಿಟ್ಟು ಶಿಫ್ಟ್ ಹಿಡದು ಎಸ್ಕೇಪ್ ಒತ್ರಿ. ಕ್ರೋಮಿಂದ ಬ್ಯಾರೆ ಟಾಸ್ಕ್ ಮ್ಯಾನೇಜರ್ ಬರ್ತೈತಿ, ಯಾವ ಟ್ಯಾಬ್ ಎಷ್ಟು ತಿಂತೈತಿ ಹೆಸರು ಸಮೇತ. ಹೋದ ಸಲ ಫಾರ್ಮ್ಯಾಟ್ ಹೊಡದಾಗ ಒಂದು ಸುಗ್ಗಿದು ಕಾಟಾದ, ಅಂದ್ರ ತೂಕದ, ಲೆಕ್ಕ ಪೂರ್ತಿ ಹೋತು. ರೈತರನ್ನ ಕುಂದರಿಸಿಕೊಂಡು ನೀವು ರಾತ್ರಿತನಕ ಚೀಟಿ ಹುಡುಕಿದ್ದು ನಾ ಮರತಿಲ್ಲ.

ಅಕ್ಕ: ವೈರಸ್ ಇಲ್ಲ ಅಂತ ಗ್ಯಾರಂಟಿ ಕೊಡ್ತಿಯೇನು?

ನಾನು: ಇಲ್ಲಕ್ಕಾ. ಸ್ಕ್ಯಾನ್ ಮಾಡಸೋಣು. ಅದಕ್ಕ ಫಾರ್ಮ್ಯಾಟ್ ಬೇಕಾಗಿಲ್ಲ.

ದೊಡ್ಡಪ್ಪ: ಬಂತು. ಭತ್ತದ ರೇಟಿನ ಪೇಜ್ 1,140 ಎಂಬಿ! ಮೂರು ದಿನದಿಂದ ಮುಚ್ಚಿಲ್ಲ ಅದನ್ನ.

ನಾನು: ಅದೊಂದ ಆರಿಸಿ ಎಂಡ್ ಪ್ರೊಸೆಸ್ ಒತ್ರಿ.

ದೊಡ್ಡಪ್ಪ: ಹಗುರಾತು. 4 ಜಿಬಿ ರ‍್ಯಾಮ್ ಸಾಲಂಗಿಲ್ಲ ಅಂತನೂ ಅಂದಿದ್ದ ಅಂವ.

ತಮ್ಮ: ಅದು ಖರೆ ದೊಡ್ಡಪ್ಪಾ.

ನಾನು: ಹೌದ್ರಿ, ರ‍್ಯಾಮ್ ಹಾಕಸ್ರಿ. ಅಂವ ಮುಟ್ಟೋಕಿಂತ ಮೊದ್ಲ ಟ್ಯಾಲಿದೂ ಕಾಟಾದ್ದೂ ಬ್ಯಾಕಪ್ ತಗೀರಿ.

ದೊಡ್ಡಪ್ಪ: ಪೆನ್‌ಡ್ರೈವ್ ಮನ್ಯಾಗೈತಿ. ಹುಡುಗನ್ನ ಕಳಸೀನಿ.