ಟಚ್ ಇಂಡಕ್ಷನ್ ಒಲೆ ಅಮ್ಮನ ಕೈಗೆ ಒಗ್ಗುತ್ತಿಲ್ಲ, ಏನಾದರೂ ಉಪಾಯ ಇದೆಯಾ?

ಹೊಸನಗರದ ಮಗಳು:

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 71. ಊರಲ್ಲೇ ಇದ್ದವರು ಈ ಮಳೆಗಾಲದಿಂದ ಮೈಸೂರಿನಲ್ಲಿ ನಮ್ಮ ಜೊತೆ ಇದ್ದಾರೆ. ಕಣ್ಣಿನ ನಡುವಿನ ನೋಟ ಮಸುಕಾಗಿದೆ. ಓಡಾಟಕ್ಕೆ ತೊಂದರೆ ಇಲ್ಲ, ಆದರೆ ಅಕ್ಷರ ಕಾಣುವುದಿಲ್ಲ. ಅಡುಗೆ ಮಾತ್ರ ಅವರೇ ಮಾಡಬೇಕು.

ನಮ್ಮ ಮನೆಯಲ್ಲಿರುವುದು ಟಚ್ ಇಂಡಕ್ಷನ್ ಒಲೆ. ಕಪ್ಪು ಗಾಜು, ಅದರ ಮೇಲೆ ಬೂದು ಬಣ್ಣದ ಪುಟಾಣಿ ಗುರುತುಗಳು. ಪ್ಲಸ್, ಮೈನಸ್, ಟೈಮರ್, ಲಾಕ್, ಜೊತೆಗೆ ಒಂದು ಸಾಲು ಇಂಗ್ಲಿಷ್. ಮುಟ್ಟಿದರೆ ಎಲ್ಲವೂ ಒಂದೇ ನುಣುಪು. ಯಾವುದನ್ನು ಒತ್ತಿದರೂ ಅದೇ ಬೀಪ್. ಮೈನಸ್ ಅಂದುಕೊಂಡು ಪ್ಲಸ್ ಒತ್ತುತ್ತಾರೆ. ಹಾಲು ಉಕ್ಕಿ ಬಟನ್ ಮೇಲೆ ಹರಿದರೆ ಒಲೆ ಕಿರುಚಿಕೊಂಡು ಏನೋ ಕೋಡ್ ತೋರಿಸುತ್ತದೆ. ಅಮ್ಮ ಹೆದರಿ ಗೋಡೆಯ ಸ್ವಿಚ್ಚನ್ನೇ ಆಫ್ ಮಾಡುತ್ತಾರೆ. ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದರೆ ‘ಮ್ಯಾನ್ಯುಯಲ್ ಓದಿ ಮೇಡಂ’ ಎಂದರು!

ವಿಚಿತ್ರ ಅಂದ್ರೆ, ನಮ್ಮ ಹಳೇ ಮಿಕ್ಸಿಯನ್ನು ಅವರು ನೋಡದೆಯೇ ಓಡಿಸುತ್ತಾರೆ.

ಹೊಸ ಒಲೆ ತರದೆ ಇದನ್ನೇ ಸರಿಮಾಡಿಕೊಳ್ಳಲು ಆಗುತ್ತದಾ? ಗ್ಯಾಸ್ ಆರಿಸಲು ಮರೆಯುತ್ತಾರೆ ಎಂಬ ಭಯ ಇದೆ, ಅದು ಬೇಡ. ‘ಅವರಿಗೆ ಅಡುಗೆ ಬಿಡಿಸಿ’ ಅನ್ನುವ ಸಲಹೆಯೂ ದಯವಿಟ್ಟು ಬೇಡ.

ಕೋಲಾರ ಕಿಟ್ಟಿ:

ಸ್ಮಾರ್ಟ್ ಪ್ಲಗ್ ಹಾಕಿಬಿಡಿ ಅಕ್ಕ. ಬಾಯಲ್ಲಿ ಹೇಳಿದರೆ ಆನ್, ಹೇಳಿದರೆ ಆಫ್. ಬಟನ್ ಗೋಜೇ ಇಲ್ಲ.

ಪೀಣ್ಯದ ನಾಬ್ ಮಾವ:

ನಾನು ಪೀಣ್ಯದಲ್ಲಿ ಪ್ಲಾಸ್ಟಿಕ್ ಮೋಲ್ಡಿಂಗ್ ಕೆಲಸದಲ್ಲಿದ್ದವನು. ಮಿಕ್ಸಿ, ಒಲೆ, ಫ್ಯಾನ್ ರೆಗ್ಯುಲೇಟರ್‌ಗಳ ನಾಬ್ ಮಾಡಿಯೇ ಮಕ್ಕಳನ್ನು ಓದಿಸಿದೆ. ಹಾಗಾಗಿ ನಾಬ್ ಪರವಾಗಿ ಸ್ವಲ್ಪ ಜಾಸ್ತಿಯೇ ಮಾತಾಡುತ್ತೇನೆ, ಸಹಿಸಿಕೊಳ್ಳಿ.

ಕಿಟ್ಟಿ, ಪ್ಲಗ್ ಉಪಾಯ ಇಲ್ಲಿ ನಡೆಯುವುದಿಲ್ಲ. ಟಚ್ ಒಲೆಗೆ ಕರೆಂಟ್ ಬಂದರೂ ಅದು ಸ್ಟ್ಯಾಂಡ್‌ಬೈನಲ್ಲೇ ಕೂರುತ್ತದೆ. ಆನ್ ಬಟನ್ ಒತ್ತಲೇಬೇಕು. ಇನ್ನು ನಡುವೆ ಕರೆಂಟ್ ತೆಗೆದರೆ ಒಳಗಿನ ಫ್ಯಾನ್ ಕೂಡ ನಿಲ್ಲುತ್ತದೆ. ಅಡುಗೆ ಮುಗಿದ ಮೇಲೂ ಅದು ಸ್ವಲ್ಪ ಹೊತ್ತು ತಿರುಗಿ ಒಳಗಿನ ಬಿಸಿ ಹೊರಹಾಕಬೇಕು. ಗೋಡೆಯ ಸ್ವಿಚ್ ತುರ್ತಿಗೆ ಸರಿ, ದಿನಾ ಅದೇ ಅಭ್ಯಾಸ ಆಗಬಾರದು.

ಈಗ ಮಿಕ್ಸಿಗೆ ಬರೋಣ. ನಾಬ್ ಬಲಕ್ಕೆ ತಿರುಗಿಸಿದರೆ ಒಂದು, ಎರಡು, ಮೂರು. ಪ್ರತಿ ಹಂತವೂ ‘ಕಟ್’ ಎಂದು ಬೆರಳಿಗೆ ತಾಗುತ್ತದೆ. ಮೂರರ ಆಚೆ ಹೋಗುವುದಿಲ್ಲ. ಎಡಕ್ಕೆ ಹಿಡಿದಿದ್ದರೆ ಮಾತ್ರ ಓಡುತ್ತದೆ, ಬಿಟ್ಟ ಕೂಡಲೇ ಸ್ಪ್ರಿಂಗ್ ಸೊನ್ನೆಗೆ ಎಳೆದುಕೊಂಡು ಬರುತ್ತದೆ. ನಾಬ್‌ನ ಮೂತಿ ಎತ್ತ ಇದೆ ಎಂದು ಸವರಿದರೆ ಸಾಕು, ಎಲ್ಲಿದ್ದೇವೆ ಎಂದು ಗೊತ್ತು. ಗ್ಯಾಸ್ ಒಲೆಯ ನಾಬ್ ನೋಡಿ. ಒತ್ತಿ ತಿರುಗಿಸಿದರೆ ಮೊದಲು ದೊಡ್ಡ ಉರಿ, ತಿರುಗಿಸುತ್ತಾ ಹೋದರೆ ಕೊನೆಯಲ್ಲಿ ಸಿಮ್. ತಿರುಗಾ ಮುರುಗಾ ಅನಿಸುತ್ತದೆ ಅಲ್ವಾ? ಆದರೆ ಹೊತ್ತಿಸುವಾಗ ಗ್ಯಾಸ್ ಜಾಸ್ತಿ ಇದ್ದರೆ ಬೇಗ ಹತ್ತಿಕೊಳ್ಳುತ್ತದೆ. ಸಿಮ್ ಕೊನೆಯ ತಡೆಯಲ್ಲಿದ್ದರೆ ಬಗ್ಗಿ ನೋಡದೆಯೇ ಸಿಗುತ್ತದೆ. ನಿಮ್ಮ ಗಾಜಿನಲ್ಲಿ ಇಲ್ಲದಿರುವುದು ಈ ತಡೆ.

ಗಾಜಿನ ಕೆಳಗೆ ಇರುವುದು ಬರೀ ಲೋಹದ ಪಟ್ಟಿ. ಬೆರಳು ಹತ್ತಿರ ಬಂದರೆ ಅಲ್ಲಿನ ವಿದ್ಯುತ್ ಕ್ಷೇತ್ರ ಬದಲಾಗುತ್ತದೆ, ಅದನ್ನೇ ಒತ್ತಿದರು ಎಂದು ಲೆಕ್ಕ ಹಿಡಿಯುತ್ತದೆ. ನೀರು, ಹಾಲು ಬಿದ್ದರೂ ಅದೇ ಬದಲಾವಣೆ. ಉಕ್ಕಿದ ಹಾಲು ಅದಕ್ಕೆ ಒಂದು ದೊಡ್ಡ ಬೆರಳು! ಹೀಗಿದ್ದೂ ಎಲ್ಲರೂ ಟಚ್ ಯಾಕೆ ಮಾಡುತ್ತಾರೆ? ದುಡ್ಡು. ನಾಬ್‌ಗೆ ಅಚ್ಚು ಬೇಕು, ಶಾಫ್ಟ್ ಬೇಕು, ಗಾಜಿಗೆ ತೂತು ಬೇಕು, ತೂತಿಗೆ ನೀರಿಳಿಯದ ಹಾಗೆ ರಬ್ಬರ್ ಸೀಲ್ ಬೇಕು. ಟಚ್ ಆದರೆ ಸರ್ಕ್ಯೂಟ್ ಬೋರ್ಡ್ ಮೇಲೆ ತಾಮ್ರದ ಚಿತ್ತಾರ ಬಿಡಿಸಿದರೆ ಹೆಚ್ಚುಕಡಿಮೆ ಮುಗಿಯಿತು. ಒರೆಸಲು ಸುಲಭ ಎನ್ನುವುದನ್ನು ಒಪ್ಪುತ್ತೇನೆ. ಅಂಗಡಿಯಲ್ಲಿ ಚೆಂದವಾಗಿಯೂ ಕಾಣುತ್ತದೆ.

ನಮ್ಮ ಫ್ಯಾಕ್ಟರಿಗೆ ಬರುತ್ತಿದ್ದ ಡಿಸೈನ್ ಹುಡುಗರಿಗೆ ನಾನು ಒಂದು ಕಥೆ ಹೇಳುತ್ತಿದ್ದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬಿ-17 ಬಾಂಬರ್‌ಗಳು ಸರಿಯಾಗಿ ನೆಲಕ್ಕಿಳಿದ ಮೇಲೆ ಹೊಟ್ಟೆಯ ಮೇಲೆ ಕುಸಿಯುತ್ತಿದ್ದವು. ಪೈಲಟ್ ರೆಕ್ಕೆಯ ಫ್ಲಾಪ್ ಮಡಚಲು ಹೋಗಿ ಚಕ್ರ ಮಡಚುತ್ತಿದ್ದ. ಎರಡೂ ಸ್ವಿಚ್ ಪಕ್ಕಪಕ್ಕ, ಆಕಾರವೂ ಒಂದೇ. ಎಲ್ಲರೂ ಪೈಲಟ್‌ಗೇ ಬೈಯುತ್ತಿದ್ದರು. ಆಲ್ಫಾನ್ಸ್ ಚಪಾನಿಸ್ ಎಂಬ ಮನಶ್ಶಾಸ್ತ್ರಜ್ಞರು ಚಕ್ರದ ಹಿಡಿಗೆ ಸಣ್ಣ ರಬ್ಬರ್ ಚಕ್ರ, ಫ್ಲಾಪ್‌ನ ಹಿಡಿಗೆ ಬೆಣೆಯಂಥ ತುಂಡು ಹಾಕಿಸಿದರು. ಕತ್ತಲಲ್ಲೂ ಕೈಗೆ ಗೊತ್ತಾಗತೊಡಗಿತು. ನಿಮ್ಮ ಪ್ಲಸ್ ಮೈನಸ್ ಕಥೆಯೂ ಇದೇ. ತಪ್ಪು ಅಮ್ಮನದಲ್ಲ.

ಮಾಡಬೇಕಾದ್ದು ಇಷ್ಟು. ಕಪಾಟಿನ ಬಾಗಿಲು ಸದ್ದಾಗದಿರಲಿ ಎಂದು ಅಂಟಿಸುವ ಪಾರದರ್ಶಕ ಸಿಲಿಕೋನ್ ಚುಕ್ಕೆಗಳು ಹಾರ್ಡ್‌ವೇರ್ ಅಂಗಡಿಯಲ್ಲಿ ಹಾಳೆಗಟ್ಟಲೆ ಸಿಗುತ್ತವೆ. ಅದನ್ನು ಬಟನ್ ಮೇಲೆ ಅಂಟಿಸಬೇಡಿ. ದಪ್ಪದಿಂದ ಬೆರಳು ದೂರವಾಗಿ ಒತ್ತಿದ್ದು ತಿಳಿಯದೇ ಹೋಗಬಹುದು. ಬಟನ್ನಿನ ಕೆಳಗೆ, ಒಲೆಯ ಅಂಚಿನ ಕಡೆಗೆ ಅಂಟಿಸಿ. ಚುಕ್ಕೆ ಮುಟ್ಟಿ ಬೆರಳನ್ನು ಒಂದಿಷ್ಟು ಮುಂದಕ್ಕೆ ಸರಿಸಿದರೆ ಬಟನ್. ಪ್ರತಿ ಬಟನ್ನಿಗೂ ಒಂದೊಂದು ಹಾಕಿಬಿಡಿ.

ಬಿಳಿಕೋಲು:

ನಾಬ್ ಮಾವನ ಮಾತೆಲ್ಲ ಒಪ್ಪಿದೆ, ಕೊನೆಯ ಸಾಲು ಬಿಟ್ಟು. ನನಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಕಣ್ಣಿರುವ ನೆಂಟರು ಪ್ರೀತಿಯಿಂದ ಮನೆಯಲ್ಲಿರುವ ಎಲ್ಲದರ ಮೇಲೂ ಚುಕ್ಕೆ ಅಂಟಿಸಿ ಹೋಗುತ್ತಾರೆ. ಆಮೇಲೆ ನಾನು ಅರ್ಧ ಕಿತ್ತು ಹಾಕುತ್ತೇನೆ. ಎಲ್ಲ ಕಡೆ ಚುಕ್ಕೆ ಇದ್ದರೆ ಎಲ್ಲಿಯೂ ಇಲ್ಲದ ಹಾಗೇ. ಹಳೆಯ ಬಟನ್ ಫೋನಿನಲ್ಲಿ 5ರ ಮೇಲೆ ಮಾತ್ರ ಉಬ್ಬು ಇರುತ್ತಿತ್ತು. ಕೀಬೋರ್ಡಿನಲ್ಲಿ ಎಫ್ ಮತ್ತು ಜೆ ಮೇಲೆ ಮಾತ್ರ. ಅದು ಸಿಕ್ಕರೆ ಉಳಿದದ್ದನ್ನು ಬೆರಳು ತಾನೇ ಹುಡುಕಿಕೊಳ್ಳುತ್ತದೆ.

ಇನ್ನೊಂದು, ಎಣಿಸುವುದಕ್ಕಿಂತ ಆಕಾರ ಮೇಲು. ನಮ್ಮ ನೋಟು ತೆಗೆದುಕೊಳ್ಳಿ. ಈಗಿನ 100ರ ನೋಟಿನ ಅಂಚಿನಲ್ಲಿ ನಾಲ್ಕು ಉಬ್ಬು ಗೆರೆ, 500ಕ್ಕೆ ಐದು, 200ಕ್ಕೆ ನಾಲ್ಕು ಗೆರೆ ಮತ್ತು ನಡುವೆ ಎರಡು ವೃತ್ತ. ಗರಿಗರಿ ನೋಟಾದರೆ ಗೊತ್ತಾಗುತ್ತದೆ. ನಾಲ್ಕು ಕೈ ದಾಟಿ ಮೆತ್ತಗಾದ ಮೇಲೆ ಬಸ್ಸಿನಲ್ಲಿ ನಿಂತುಕೊಂಡು ನಾಲ್ಕೋ ಐದೋ ಎಂದು ಎಣಿಸಿ ನೋಡಿ! ಉದ್ದ ಅಳೆಯೋಣ ಅಂದರೆ 200ರದ್ದು 146 ಮಿಲಿಮೀಟರ್, 500ರದ್ದು 150. ನಾಲ್ಕೇ ಮಿಲಿಮೀಟರ್ ವ್ಯತ್ಯಾಸ. ರಿಸರ್ವ್ ಬ್ಯಾಂಕ್ 2020ರಲ್ಲಿ ‘ಮನಿ’ ಎಂಬ ಆ್ಯಪ್ ತಂದಿತು, ನೋಟನ್ನು ಕ್ಯಾಮೆರಾಕ್ಕೆ ಹಿಡಿದರೆ ಎಷ್ಟರದ್ದು ಎಂದು ಹೇಳುತ್ತದೆ. ಒಳ್ಳೆಯದೇ. ಆದರೆ ಕಂಡಕ್ಟರ್ ಕಾಯುತ್ತಿರುವಾಗ ಫೋನ್ ತೆಗೆಯುವವರು ಯಾರು?

ಅದಕ್ಕೆ ನಿಮ್ಮ ಒಲೆಗೆ ಮೂರೇ ಗುರುತು ಸಾಕು. ಆನ್-ಆಫ್‌ಗೆ ಉದ್ದ ಗೆರೆ, ಪ್ಲಸ್‌ಗೆ ಚುಕ್ಕೆ, ಮೈನಸ್‌ಗೆ ಅಡ್ಡ ಪಟ್ಟಿ. ಟೈಮರ್, ಲಾಕ್‌ಗಳಿಗೆ ಏನೂ ಬೇಡ. ಎಲ್ಲಿ, ಯಾವುದು ಎಂದು ಅಮ್ಮನನ್ನೇ ಕೇಳಿ ಅಂಟಿಸಿ. ಅವರಿಗೆ ಅಂಚಿನ ನೋಟ ಇದೆಯಲ್ಲ, ಕಪ್ಪು ಗಾಜಿಗೆ ಪಾರದರ್ಶಕ ಚುಕ್ಕೆ ಯಾಕೆ? ಹಳದಿ ಅಥವಾ ಬಿಳಿ ಇರಲಿ.

ಉರಿ ಎಷ್ಟಿದೆ ಎಂದು ತಿಳಿಯಲು ನಾನು ಹೀಗೆ ಮಾಡುತ್ತೇನೆ. ಮೊದಲು ಮೈನಸ್ ಒತ್ತುತ್ತಾ ತೀರಾ ಕೆಳಗಿನ ಹಂತಕ್ಕೆ ಇಳಿಸುವುದು. ಅಲ್ಲಿಂದ ಪ್ಲಸ್‌ನ ಬೀಪ್ ಎಣಿಸುವುದು. ಹಾಲಿಗೆ ಇಷ್ಟು, ಒಗ್ಗರಣೆಗೆ ಇಷ್ಟು. ಕೆಲವು ಒಲೆಗಳಲ್ಲಿ ಕೆಳಗಿನ ಹಂತ ದಾಟಿದರೆ ಮತ್ತೆ ಮೇಲಿನದಕ್ಕೆ ಹಾರುತ್ತದೆ. ಹಾಗಿದ್ದರೆ ಈ ಉಪಾಯ ಬೇಡವೇ ಬೇಡ, ಮೊದಲು ನೀವೇ ಪರೀಕ್ಷೆ ಮಾಡಿ.

ಪೀಣ್ಯದ ನಾಬ್ ಮಾವ:

ಬಿಳಿಕೋಲು ಅವರೇ, ಸರಿ. ಬಳಸುವವರ ಮಾತೇ ಮೇಲು, ನನ್ನ ಕೊನೆಯ ಸಾಲು ವಾಪಸ್. ಮೈನಸ್ ಉಪಾಯ ಬಹಳ ಹಿಡಿಸಿತು, ಇಲ್ಲದ ತಡೆಯನ್ನು ನೀವೇ ಹುಟ್ಟಿಸಿಕೊಂಡಿದ್ದೀರಿ.

ಹೊಸನಗರದ ಮಗಳು:

ನಮ್ಮದು ಕೆಳಗಿನ ಹಂತದಲ್ಲಿ ನಿಲ್ಲುತ್ತದೆ, ಈಗ ತಾನೇ ನೋಡಿದೆ. ಆದರೆ ಅಮ್ಮನ ಕೈ ಸ್ವಲ್ಪ ನಡುಗುತ್ತದೆ. ಚುಕ್ಕೆ ಹುಡುಕುವಾಗಲೇ ಪಕ್ಕದ ಬಟನ್ ಮುಟ್ಟಿಬಿಟ್ಟರೆ? ಮತ್ತೆ ಹಾಲಿಗೆ ಏನು ಮಾಡಲಿ?

ಪೀಣ್ಯದ ನಾಬ್ ಮಾವ:

ನಡುಗುವ ಕೈಗೆ ತೂತಿನ ಹಾಳೆ ಒಳ್ಳೆಯದು. ಬಟನ್‌ಗಳ ಸಾಲನ್ನು ಕಾಗದದಲ್ಲಿ ಗುರುತು ಮಾಡಿಕೊಳ್ಳಿ. ನೇಮ್ ಪ್ಲೇಟ್ ಮಾಡುವ ಅಂಗಡಿಯಲ್ಲಿ 4 ಅಥವಾ 5 ಮಿಲಿಮೀಟರ್ ಅಕ್ರಿಲಿಕ್ ತುಂಡಿಗೆ ಬೇಕಾದ ಮೂರು ಬಟನ್ ಇರುವ ಕಡೆ ಮಾತ್ರ ತೂತು ಕೊರೆಸಿ. ಉಳಿದ ಬಟನ್‌ಗಳು ಹಾಳೆಯ ಕೆಳಗೆ ಮುಚ್ಚಿಹೋಗುತ್ತವೆ. ಅಂಗೈ ಊರಿದರೂ ಏನೂ ಆಗುವುದಿಲ್ಲ, ಬೆರಳು ತೂತಿಗೆ ಇಳಿದರೆ ಮಾತ್ರ ಕೆಲಸ. 3 ಮಿಲಿಮೀಟರ್‌ದಾದರೆ ಕೆಲವು ಒಲೆಗಳು ಅದರ ಮೇಲಿಂದಲೂ ಬೆರಳನ್ನು ಹಿಡಿಯಬಹುದು. ಅಂಟಿಸುವ ಮೊದಲು ಸುಮ್ನೆ ಇಟ್ಟು ನೋಡಿ. ಅಕ್ರಿಲಿಕ್ ಬಿಸಿಗೆ ಮೆತ್ತಗಾಗುತ್ತದೆ. ಪಾತ್ರೆ ಇಡುವ ವೃತ್ತದಿಂದ ದೂರ ಇರಲಿ, ದೊಡ್ಡ ಬಾಣಲೆ ಅದರ ಮೇಲೆ ಚಾಚಿಕೊಳ್ಳದಿರಲಿ.

ಹಾಲಿಗೆ ಸೀಟಿ ಹೊಡೆಯುವ ಮಿಲ್ಕ್ ಕುಕ್ಕರ್ ತನ್ನಿ. ಎರಡು ಗೋಡೆಯ ಪಾತ್ರೆ, ನಡುವೆ ನೀರು. ನೀರು ಕುದಿದರೆ ಸೀಟಿ. ಹಾಲು ಉಕ್ಕುವುದೂ ಇಲ್ಲ, ತಳ ಹಿಡಿಯುವುದೂ ಇಲ್ಲ. ಆದರೆ ಬರೀ ಅಲ್ಯೂಮಿನಿಯಂನದು ಇಂಡಕ್ಷನ್ನಿಗೆ ಆಗಿಬರುವುದಿಲ್ಲ. ಅಂಗಡಿಗೆ ಹೋಗುವಾಗ ಫ್ರಿಜ್ ಮೇಲಿನ ಮ್ಯಾಗ್ನೆಟ್ ಒಂದು ಜೇಬಿಗೆ ಹಾಕಿಕೊಳ್ಳಿ. ತಳಕ್ಕೆ ಗಟ್ಟಿಯಾಗಿ ಅಂಟಿದರೆ ಕೊಳ್ಳಿ.

ಕೋಲಾರ ಕಿಟ್ಟಿ:

ನಮ್ಮಜ್ಜಿಗೆ ವಾಷಿಂಗ್ ಮೆಷಿನ್ ನೋಡ್ತಾ ಇದ್ದೀನಿ. ಹಾಗಾದ್ರೆ ತಿರುಗಿಸುವ ಡಯಲ್ ಇರೋದೇ ತಗೊಳ್ಲಾ ಮಾವ?

ಪೀಣ್ಯದ ನಾಬ್ ಮಾವ:

ಡಯಲ್ ಇದ್ದ ಮಾತ್ರಕ್ಕೆ ಸಾಲದು. ಈಗ ಬರುವ ಬಹಳಷ್ಟು ಡಯಲ್‌ಗಳು ಕೊನೆಯೇ ಇಲ್ಲದೆ ಸುತ್ತುತ್ತವೆ. ಎಲ್ಲಿದ್ದೇವೆ ಎಂದು ಹೇಳುವುದು ಪಕ್ಕದ ಲೈಟ್ ಮಾತ್ರ. ಅದು ಗುಂಡಗಿರುವ ಟಚ್ ಬಟನ್ ಅಷ್ಟೇ. ಅಂಗಡಿಯಲ್ಲಿ ಕಣ್ಣು ಮುಚ್ಚಿ ತಿರುಗಿಸಿ ನೋಡು. ಡಯಲ್‌ಗೆ ಮೂತಿ ಇರಬೇಕು, ಹಂತಗಳು ಬೆರಳಿಗೆ ತಾಗಬೇಕು, ಆಫ್ ಒಂದೇ ಜಾಗದಲ್ಲಿ ಸಿಗಬೇಕು. ಸೇಲ್ಸ್‌ನವನು ನಗುತ್ತಾನೆ, ನಗಲಿ. ಅರೆ ಆಟೋಮ್ಯಾಟಿಕ್ ಮೆಷಿನ್‌ಗಳ ಟೈಮರ್ ನಾಬ್‌ಗಳಲ್ಲಿ ಇವೆಲ್ಲ ಇನ್ನೂ ಉಳಿದಿವೆ. ಆದರೆ ಒದ್ದೆ ಬಟ್ಟೆಯನ್ನು ಕೈಯಲ್ಲಿ ಎತ್ತಿ ಪಕ್ಕದ ತೊಟ್ಟಿಗೆ ಹಾಕಬೇಕು. ಅಜ್ಜಿಯ ಸೊಂಟ ಹೇಗಿದೆ?