ಸೋಲಾರ್ ಪ್ಯಾನಲ್ ಘಟಕಕ್ಕೆ ಸರ್ಕಾರದ ದುಡ್ಡು: ನಮ್ಮಂಥ ಸಣ್ಣವರಿಗೆ ಸಿಗುತ್ತಾ?

ಕೇಳಿದವರು, ತುಮಕೂರು: ಊರ ಹತ್ತಿರ ನಮ್ಮದೊಂದು ಶೆಡ್ ಇದೆ. ಸುಮಾರು 40 ಲಕ್ಷ ಹೊಂದಿಸಬಹುದು. ಸೋಲಾರ್ ಪ್ಯಾನಲ್ ತಯಾರಿಕೆಗೆ ಕೇಂದ್ರ ಸರ್ಕಾರ ಸಾವಿರಾರು ಕೋಟಿ ಕೊಡುತ್ತದಂತೆ. ಅನುಭವ ಇರುವವರು ದಾರಿ ಹೇಳಿ.

ಪೀಣ್ಯದಿಂದ: ಸರ್, ಅದು ಪಿಎಲ್‌ಐ ಯೋಜನೆ, ಅಂದರೆ ತಯಾರಿಸಿ ಮಾರಿದ್ದಕ್ಕೆ ತಕ್ಕಂತೆ ಕೊಡುವ ಪ್ರೋತ್ಸಾಹಧನ. ಎರಡು ಕಂತು ಸೇರಿ 24,000 ಕೋಟಿ. ಆದರೆ ಮೊದಲ ಕಂತಿಗೇ ಕನಿಷ್ಠ 1,000 ಮೆಗಾವ್ಯಾಟ್ ಸಾಮರ್ಥ್ಯದ ಘಟಕ ಬೇಕಿತ್ತು. ಅದನ್ನು ಮರೆತುಬಿಡಿ.

2022ರ ಏಪ್ರಿಲ್‌ನಲ್ಲಿ ಹೊರಗಿನ ಪ್ಯಾನಲ್ ಮೇಲೆ 40% ಸುಂಕ ಬಂದಾಗ ನಾನೂ ಪ್ಯಾನಲ್ ಲೈನ್ ಹಾಕುವ ಲೆಕ್ಕ ಮಾಡಿದ್ದೆ. ಗಿಟ್ಟಲಿಲ್ಲ. ಯಾಕಂದ್ರೆ ಪ್ಯಾನಲ್ ಒಳಗೆ ಬಿಸಿಲನ್ನು ಕರೆಂಟ್ ಮಾಡುವ ಸೆಲ್ ಮೇಲೂ 25% ಸುಂಕ ಬಿತ್ತು, ನಾವೋ ಸೆಲ್ ಕೊಂಡು ಜೋಡಿಸುವವರು. ಈಗ ಮನೆ ಮಾಳಿಗೆಯ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನ ಇದೆ. ಅದು ಸಿಗಬೇಕಾದರೆ ಸೆಲ್, ಪ್ಯಾನಲ್ ಎರಡೂ ಭಾರತದಲ್ಲೇ ತಯಾರಾಗಿರಬೇಕು. ಇಲ್ಲಿನ ಸೆಲ್ ಇರುವುದು ದೊಡ್ಡ ಕಂಪನಿಗಳ ಕೈಯಲ್ಲಿ. ಪ್ಯಾನಲ್ ಮಾರುವವರೂ ಅವರೇ! ಬಿಐಎಸ್ ಗುಣಮಟ್ಟ ಪರೀಕ್ಷೆ, ಸರ್ಕಾರ ಒಪ್ಪಿದ ಪ್ಯಾನಲ್‌ಗಳ ಎಎಲ್‌ಎಂಎಂ ಪಟ್ಟಿಗೆ ಸೇರುವ ಖರ್ಚು ಬೇರೆ. ಅಷ್ಟೆಲ್ಲ ಮಾಡಿದರೂ ನಿಯಮ ನಿಲ್ಲುತ್ತದೆ ಅನ್ನೋ ಖಾತ್ರಿ ಇಲ್ಲ. 2023-24ರಲ್ಲಿ ಆ ಪಟ್ಟಿಯನ್ನೇ ಒಂದು ವರ್ಷ ಬದಿಗಿಟ್ಟಿದ್ದರು.

ನಾನು ಸ್ಟ್ರಕ್ಚರ್ ಮಾಡ್ತೀನಿ. ಪ್ಯಾನಲ್ ಯಾರದ್ದೇ ಇರಲಿ, ಅದನ್ನು ನಿಲ್ಲಿಸೋಕೆ ಕಬ್ಬಿಣ ಬೇಕೇ ಬೇಕು ಅಲ್ವಾ? ತುಕ್ಕು ಹಿಡಿಯದ ಹಾಗೆ ಸತು ಲೇಪಿಸುವ ಗ್ಯಾಲ್ವನೈಸಿಂಗ್‌ನಲ್ಲಿ ಮಾತ್ರ ಕಂಜೂಸುತನ ಬೇಡ.

ಧಾರವಾಡದಿಂದ: ಹೊಸ ಘಟಕವಾದರೆ ಪಿಎಂಇಜಿಪಿ ನೋಡ್ರಿ, ಬ್ಯಾಂಕ್ ಸಾಲದ ಜೊತೆ ಸಬ್ಸಿಡಿ ಕೊಡುವ ಕೇಂದ್ರದ ಯೋಜನೆ ಅದು. ತಯಾರಿಕೆಗೆ 50 ಲಕ್ಷದವರೆಗಿನ ಯೋಜನೆ ನಡೆಯುತ್ತದೆ. ಹಳ್ಳಿಯಲ್ಲಿ ಸಾಮಾನ್ಯ ವರ್ಗಕ್ಕೆ 25%, ಮಹಿಳೆಯರಿಗೆ 35% ಸಬ್ಸಿಡಿ. ನಾನು ಹೆಂಗಸು, ಅದಕ್ಕೇ ಅರ್ಜಿ ನನ್ನ ಹೆಸರಲ್ಲೇ ಹಾಕಿದ್ದು. ಆದರೆ ಆ ದುಡ್ಡು ಕೈಗೆ ಬರಲ್ಲ. ಬ್ಯಾಂಕಿನಲ್ಲೇ 3 ವರ್ಷ ಠೇವಣಿಯಾಗಿ ಕೂತು, ಆಮೇಲೆ ಸಾಲಕ್ಕೆ ಜಮೆ ಆಗುತ್ತದೆ. ಮಾಲು ಕೊಳ್ಳೋಕೆ ಬೇರೆ ದುಡ್ಡು ಇಟ್ಟುಕೊಂಡೇ ಇಳೀರಿ.

ಬೆಳಗಾವಿಯಿಂದ: ಸಬ್ಸಿಡಿಗಿಂತ ಬಾಕಿ ವಸೂಲಿ ದೊಡ್ಡ ತಲೆನೋವು. ಮೊದಲ ಬಿಲ್‌ಗೆ ಮುಂಚೆಯೇ ಸಣ್ಣ ಘಟಕಗಳಿಗಿರುವ ಸರ್ಕಾರದ ಉದ್ಯಮ್ ನೋಂದಣಿ ಮಾಡಿಸಿ, ನಂಬರನ್ನು ಬಿಲ್ ಮೇಲೆ ಅಚ್ಚು ಹಾಕಿಸಿ. ಸಣ್ಣ ಘಟಕಗಳಿಗೆ 45 ದಿನದೊಳಗೆ ಹಣ ಕೊಡಬೇಕು ಅಂತ 2006ರ ಕಾಯ್ದೆಯಲ್ಲೇ ಇದೆ. ತಡವಾದರೆ ಸರ್ಕಾರದ ಪೋರ್ಟಲ್‌ನಲ್ಲಿ ದೂರು ಕೊಡಬಹುದು, ಆದರೆ ಆ ಗಿರಾಕಿ ಮತ್ತೆ ನಿಮ್ಮ ಕಡೆ ತಲೆ ಹಾಕಲ್ಲ. 2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯ ನಿಯಮ ನಮ್ಮ ಪರವಾಗಿದೆ. ನಮ್ಮ ಬಾಕಿಯನ್ನು ಸಮಯಕ್ಕೆ ಕೊಡದಿದ್ದರೆ ಗಿರಾಕಿಗೆ ಆ ವರ್ಷ ಅದನ್ನು ಖರ್ಚೆಂದು ತೋರಿಸಲು ಬರುವುದಿಲ್ಲ. ಮಾರ್ಚ್ ಶುರುವಿನಲ್ಲೇ ಅವರ ಅಕೌಂಟೆಂಟ್‌ಗೆ ಫೋನ್ ಮಾಡಿ. ಮಾಲೀಕರಿಗಲ್ಲ.